ಹೊಟ್ಟಿಗೆ ಹಾಕ್ಕೊಂಡದ್ದು

ಮುಂಜಾನೆ ಆರೂ ಹತ್ತಕ್ಕ ಬಾಗಲಕೋಟಿ ಬಿಟ್ರ
ಕಮತಗಿ, ಅಮೀನಗಡ, ಹುನಗುಂದ, ಇಳಕಲ್ಲ.
ಹೊಳ್ಳಿ ಇಳಕಲ್ಲ, ಹುನಗುಂದ, ಅಮೀನಗಡ, ಕಮತಗಿ.
ದಿನಕ್ಕ ಎರಡು ಸಲ.
ಖಾಕಿ ಅಂಗಿಮ್ಯಾಲೆ ಹೆಸರಿನ ಪಟ್ಟಿ: ಆರ್. ಕೆ. ಗೊಳಸಂಗಿ.
ಯಾರೂ ಓದೂದಿಲ್ಲ.

ಮೊದಲನೇ ಮಾತು ಕಮತಗಿ ದಾಟೂದ್ರಾಗ ಬರತೈತಿ:
"ಮೇಡಮ್ಮಾರು ನಿಂತ್ರ ಹಾದಿನ ಬಂದ್."
ಹಿಂದಿನ ಸೀಟಿನಾಗ ನಗಿ.
ಎರಡನೇದು ಚಿಲ್ಲರೆಗೆ.
ಮೂರನೇದು, ಆಧಾರ್ ಕಾರ್ಡ್ ತೋರಸ್ರಿ ಅಂದಿದ್ದಕ್ಕ,
"ನಿಮ್ಮಪ್ಪಂದೇನ ಬಸ್ಸು?"
ನಮ್ಮಪ್ಪಂದು ಸೈಕಲ್ ಇತ್ತು, ಅದೂ ಬಾಡಿಗಿದು.
ಹೇಳೂದಿಲ್ಲ.

ಡಿಪೋದಾಗ ಅರ್ಜಿ ಕೊಟ್ಟೆ.
ಸಾಹೇಬ್ರು ಪೆನ್ನಿಗೆ ಮುಚ್ಚಳ ಹಾಕಿ
"ಇರಲಿ ಬಿಡ್ರಿ, ಹೊಟ್ಟಿಗೆ ಹಾಕ್ಕೋರಿ" ಅಂದ್ರು.
ಮದುವಿ ದಿನ ಅವ್ವನೂ ಅದನ್ನ ಅಂದಿದ್ಲು,
ಉಡಿ ತುಂಬುಮುಂದ, ಕಿವ್ಯಾಗ.
ನಾ ಹೇಳಿದಂಗ ಕೇಳಾಕಿ.
ಹಾಕ್ಕೊಂಡೆ.

ಅಮೀನಗಡದಾಗ ಬಸ್ಸು ಏಳು ನಿಮಿಷ ನಿಲ್ಲತೈತಿ.
ಕಿಡಕಿ ಕೆಳಗ ಕರದಂಟಿನ ಬುಟ್ಟಿ ಹೊತ್ತು ದಾವಲಸಾಬನ ಮಗ.
ಅಂಟು, ಉತ್ತತ್ತಿ, ಒಣಕೊಬ್ರಿ,
ತುಪ್ಪ ಹತ್ತಿ ಬೆಳಕು ಹಾಯೋ ಕಾಗದ.
ಹಸಿವಿ ಇರೂದಿಲ್ಲ. ಖರೇನ ಹೇಳತೀನಿ, ಇರೂದಿಲ್ಲ.
ಗಂಟಲದಾಗ ಒಂದು ಮಾತು ಸಿಕ್ಕೊಂಡಿರತೈತಿ,
ಅದನ್ನ ಕೆಳಗ ದೂಡಾಕ ಏನರೆ ಬೇಕಲ್ಲ.
ಇಳಕಲ್ಲ ಸ್ಟ್ಯಾಂಡಿನಾಗ ಗಿರ್ಮಿಟ್, ಅದರ ಮ್ಯಾಲೆ ಮಿರ್ಚಿ,
ಮಿರ್ಚಿ ಮ್ಯಾಲೆ ಸಕ್ರಿ ಮುಂದಾದ ಚಾ.
ಡಬ್ಬಿಯೊಳಗಿನ ರೊಟ್ಟಿ ಹಂಗ ಉಳಿದು ಸಂಜಿಗೆ ಓಣಿ ಆಕಳಿಗೆ.
ನೀರು ಮಾತ್ರ ಕುಡಿಯೂದಿಲ್ಲ;
ಕುಡದ್ರ ಆಮ್ಯಾಲೆ ಎಲ್ಲಿಗೆ ಹೋಗ್ಲಿ?

ರಾತ್ರಿ ಮನ್ಯಾಗ ಎಲ್ಲಾರೂ ಮಲಗಿದ ಮ್ಯಾಲೆ
ಲೈಟ್ ಹಚ್ಚದ, ಸಪ್ಪಳಾಗದಂಗ,
ಚಕ್ಕುಲಿ ಡಬ್ಬಿ ಮುಚ್ಚಳ ತಿರುವತೀನಿ.
ನನ್ನ ಮನ್ಯಾಗ ನಾನ ಕಳ್ಳಿ.
ಬೆಲ್ಟಿಗೆ ಮೊಳಿ ಬಡದು ಹೊಸಾ ತೂತು,
ಎರಡು ವರ್ಷದಾಗ ಮೂರು.
ನಾಕನೇದಕ್ಕ ಬೆಲ್ಟ ಮುಗದೈತಿ.
ಹೊಟ್ಟಿ ಒಂದಿನ ಕಲ್ಲು, ಒಂದಿನ ನೀರು.

ಜಿಲ್ಲಾ ಆಸ್ಪತ್ರ್ಯಾಗ ಡಾಕ್ಟರ್ ಸುಭದ್ರಾ ಹಂಚಿನಾಳ
ಕಾಟಾ ನೋಡಿದ್ರು.
ಬಾಯಿ ಕಟ್ರಿ ಅಂತಾರ ಅಂತ ಕಾಯ್ಕೊಂತ ಕುಂತೆ.
ಅವರು ಕೇಳಿದ್ದು:
"ದಿನಾ ನಿಮಗ ಯಾರರ ಬೈತಾರೇನು?"
ಹೊರಗ ಪಾಳಿ ಹಚ್ಚಿದವರು ಬಾಗಲಾ ಬಡೀತಿದ್ರು.
ಅವರು ಚೀಟಿ ಹಿಂದ ಒಂದು ತಲಿ ಬರದ್ರು,
ಒಂದು ಕರಳು ಬರದ್ರು, ನಡುವ ಗೆರಿ ಎಳದ್ರು.
ಮ್ಯಾಲೆ ಕಳವಳಾದ್ರ ಕೆಳಗ ಗೊತ್ತಾಕೈತಿ,
ಕೆಳಗ ಕೆಟ್ರ ಮ್ಯಾಲೆ.
ಇದನ್ನ ನನಗ ತಿಳಿಸಿ ಹೇಳಬೇಕಾಗಿಲ್ಲ.
ಹಳೇ ಬಸ್ಸಿನಾಗ ಸೂರಿನಗುಂಟ ಹಗ್ಗ ಇರತಿತ್ತು,
ಹಿಂದ ಜಗ್ಗಿದ್ರ ಡ್ರೈವರನ ತಲಿಮ್ಯಾಲೆ ಗಂಟಿ.

"ಕರಳಾಗ ಕಣ್ಣಿಗೆ ಕಾಣದ ಜೀವ ಅದಾವು, ಕೋಟಿಗಟ್ಟಲೆ.
ರೊಟ್ಟಿ, ಪಲ್ಲೆ, ಮಜ್ಜಿಗಿ ಬೇಕು ಅವಕ್ಕ.
ನಿದ್ದಿಗೇಡು, ಸಕ್ರಿ, ನುಂಗಿದ ಸಿಟ್ಟು
ಆಗಿಬರೂದಿಲ್ಲ."
ನಗು ಬಂತು. ಅಲ್ಲೂ ರಶ್ಶ,
ಅಲ್ಲೂ ಯಾರೂ ಟಿಕೆಟ್ ತಗೊಂಡಿಲ್ಲ,
ಒಳ್ಳೇವರು ಯಾವ ಸ್ಟಾಪಿನಾಗ ಇಳದು ಹೋದ್ರೋ
ನಾ ನೋಡಲಿಲ್ಲ.

ಕಾಟಾ ಇನ್ನೂ ಅಷ್ಟ ತೋರಸತೈತಿ.
ಹಿಂದಿನ ಸೀಟೂ ಅಲ್ಲೇ ಐತಿ.
ನಿನ್ನಿ ಒಬ್ಬ ಅಂದ,
"ನಿಮಗ ಎರಡು ಟಿಕೆಟ್ ಹರೀಬೇಕ ನೋಡ್ರಿ."
ಹೋಲ್ಡಾನ್ ಅಂದೆ.
ಸ್ಟಾಪ್ ಅಲ್ಲ, ಬರೇ ಹೊಲ, ಒಂದು ಬನ್ನಿಗಿಡ.
ಡ್ರೈವರ್ ಯಂಕನಗೌಡ ಕನ್ನಡ್ಯಾಗ ನೋಡಿದ.
"ಈ ಮಾತು ನಿಮ್ಮ ಲಗೇಜು, ನೀವ ಇಟ್ಕೋರಿ.
ನನ್ನ ಹೊಟ್ಟ್ಯಾಗ ಜಾಗಾ ಇಲ್ಲ."
ಯಾರೂ ನಗಲಿಲ್ಲ. ಯಾರೂ ಭೇಷ್ ಅನ್ನಲೂ ಇಲ್ಲ.
ಕೈ ನಡಗಿ ಮಶೀನಿನಾಗ ತಪ್ಪು ಟಿಕೆಟ್ ಬಂತು,
ಹದಿನಾಲ್ಕು ರೂಪಾಯಿ ನನ್ನ ಮ್ಯಾಲೆ.
ಮುಂದಿನ ಸೀಟಿನ ಮುದುಕಿ ಗಂಟು ಸರಿಸಿ
"ಕುಂಡ್ರ ಬಾರಬೇ" ಅಂದ್ಲು.

ಅಮೀನಗಡದಾಗ ದಾವಲಸಾಬನ ಮಗ ಕೈ ಎತ್ತಿದ.
ಬ್ಯಾಡ ಅನ್ನಲಿಲ್ಲ, ಸುಳ್ಳ ಯಾಕ ಹೇಳ್ಲಿ.
ಕೊಂಡೆ, ಮುರದೆ, ಅರ್ಧಾ ಮುದುಕಿಗೆ.
ಹಲ್ಲಿಲ್ಲದ ಬಾಯಾಗ ಆಕಿ ಬಾಳೊತ್ತು ಚೀಪಿದ್ಲು.
ಆಕಿ ಮುಗಸೂತನಕ ನಾನೂ ನಿಧಾನ ಅಗದೆ.
ಇಷ್ಟು ವರ್ಷ ತಿಂದೀನಿ,
ಅದರಾಗ ಜಾಜಿಕಾಯಿ ಹಾಕತಾರ ಅಂತ
ನಿನ್ನಿ ಗೊತ್ತಾತು.

ರೈಟ್.